ಬಚ್ಚಲಿನ ಬಾಯ್ಲರ್ ಹೊಗೆ ಕಾರುತ್ತಿದೆಯೇ?

ಬೆಂಕಿ ಹಾಕಿದೊಡನೆ ಬಚ್ಚಲುಮನೆ ತುಂಬಾ ಹೊಗೆ, ಎಷ್ಟು ಸೌದೆ ಉರಿಸಿದರೂ ನೀರು ಕಾಯದು. ತಾಮ್ರದ ಬಾಯ್ಲರ್ ಇರುವ ಮನೆಗಳಲ್ಲಿ ಇದು ದಿನಬೆಳಗಿನ ಗೋಳು. ಹಳೆಯದಾಯ್ತು ಅಂತ ಗುಜರಿಗೆ ಹಾಕುವ ಮೊದಲು ಕೆಳಗಿನ ಜಾಲರಿ ನೋಡಿ. ಬೂದಿ ತುಂಬಿದ್ದರೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆ ಉರಿ ಎಲ್ಲಿಂದ ಬರಬೇಕು? ಒಲೆ ತಣ್ಣಗಿದ್ದಾಗ ಉದ್ದ ಕೋಲಿಗೆ ತೆಂಗಿನ ನಾರು ಕಟ್ಟಿ, ಕೊಳವೆಯೊಳಗಿನ ಮಸಿಯನ್ನು ಉಜ್ಜಿ ಇಳಿಸಿ. ಹಸಿ ಸೌದೆಯಂತೂ ಬೇಡವೇ ಬೇಡ. ಹೊಗೆಕೊಳವೆಯ ಬಾಯಿ ಸೂರಿಗಿಂತ ತಗ್ಗಿದ್ದರೆ ಗಾಳಿ ಬೀಸಿದಾಗ ಹೊಗೆ ಹಿಂದಕ್ಕೇ ಬರುತ್ತೆ. ಮನೆಯವರಿಗೆ ಹೇಳಿ ಎತ್ತರಿಸಿ.

ಬೋರ್‌ವೆಲ್ ನೀರಾದರೆ ಒಳಗೆ ಸುಣ್ಣ ಕಟ್ಟಿ ಶಾಖ ನೀರಿಗೆ ತಲುಪದು. ರಾತ್ರಿ ಹುಣಸೆನೀರು ತುಂಬಿಟ್ಟು, ಬೆಳಿಗ್ಗೆ ಚೆನ್ನಾಗಿ ತೊಳೆದು ಚೆಲ್ಲಿ. ನೀರಿಲ್ಲದೆ ಉರಿ ಹಾಕಿದರೆ ಬೆಸುಗೆ ಬಿಟ್ಟೀತು. ಹಾಗಾದಾಗ ಗಾಬರಿಯಿಂದ ತಣ್ಣೀರು ಸುರಿಯಬೇಡಿ; ಕೆಂಡ ಎಳೆದು, ತಾನಾಗಿ ಆರಲು ಬಿಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಚಳಿಯೆಂದು ಕಿಟಕಿ ಮುಚ್ಚಿ, ಬಾಗಿಲು ಹಾಕಿಕೊಂಡು ಮಕ್ಕಳಿಗೆ ನೀರೆರೆಯುತ್ತೇವಲ್ಲ, ಅದು ಖಂಡಿತಾ ಕೂಡದು. ಹೊಗೆಯಾದರೂ ಕಣ್ಣಿಗೆ ಕಾಣುತ್ತೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಕಾಣದು, ವಾಸನೆಯೂ ಇಲ್ಲ. ಸ್ನಾನದ ನಡುವೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಪಿತ್ತ ಅಂದುಕೊಂಡು ಒಳಗೇ ಕೂರಬೇಡಿ. ಕೂಡಲೇ ಹೊರಗೆ ಬನ್ನಿ, ಡಾಕ್ಟರಿಗೆ ತೋರಿಸಿ. ಬಾಣಂತಿ, ಎಳೆಗೂಸಿನ ಸ್ನಾನದ ದಿನ ನೀರು ಕಾದ ಮೇಲೆ ಕೆಂಡವನ್ನೆಲ್ಲ ಅಂಗಳಕ್ಕೆ ತೆಗೆದು ಆರಿಸಿ, ಕಿಟಕಿ ತೆರೆದಿಟ್ಟು, ಆಮೇಲೇ ಎರೆಯಿರಿ.