ಹೊಸ ಯಂತ್ರದೊಳಗಿನ ಕಳೆ

ಅಡಿಕೆಯ ಲೆಕ್ಕ ಮಂಡಿಯಲ್ಲಿ ಚುಕ್ತಾ ಆದ ಮೇಲೆ ಮಲೆನಾಡಿನ ಅನೇಕ ಮನೆಗಳಲ್ಲಿ ಕಾಲೇಜು ಓದುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ಮಾತು ಏಳುತ್ತದೆ. 40 ಸಾವಿರದ ಆಸುಪಾಸಿನ ಹಣ ತೆತ್ತು ಪೇಟೆಯಿಂದ ತಂದ ಯಂತ್ರದ ಪೆಟ್ಟಿಗೆ ಬಿಚ್ಚಿ, ಗುಂಡಿ ಒತ್ತಿ, ಹೆಸರು ಬರೆದು ಮುಗಿಸುವುದರೊಳಗೆ ಪರದೆಯ ಮೂಲೆಯಿಂದ ಎಚ್ಚರಿಕೆಗಳು ಇಣುಕತೊಡಗುತ್ತವೆ. ಯಂತ್ರ ಅಪಾಯದಲ್ಲಿದೆ, ವೈರಸ್ ನಿರೋಧಕದ ಉಚಿತ ಅವಧಿ ಮುಗಿಯುತ್ತ ಬಂದಿದೆ, ಹಣ ಕಟ್ಟಬೇಕು ಎಂಬುದು ಅವುಗಳ ಸಾರ. ಮನೆಯವರಿಗೆ ಗಾಬರಿ. ಕೊಂಡವರು ಕೇಳದಿದ್ದ ಆಟಗಳು, ಅಂಗಡಿಗಳ ಕೊಂಡಿಗಳು, ಜಾಹೀರಾತು ತೋರುವ ಪುಟ್ಟ ತಂತ್ರಾಂಶಗಳು ಅದಾಗಲೇ ಒಳಗೆ ಕುಳಿತಿರುತ್ತವೆ. ಕನ್ನಡದ ಕೀಲಿಮಣೆಯನ್ನು ಮಾತ್ರ ಹುಡುಕಿ ಹೋಗಿ ತೆರೆದುಕೊಳ್ಳಬೇಕು.

ಇಂಥ ಬೇಡದ ತಂತ್ರಾಂಶಗಳಿಗೆ ಇಂಗ್ಲಿಷಿನಲ್ಲಿ ಬ್ಲೋಟ್‌ವೇರ್ ಎಂಬ ಹೆಸರಿದೆ. ಬ್ಲೋಟ್ ಎಂದರೆ ಹೊಟ್ಟೆಯುಬ್ಬರ. ಹಸಿ ದ್ವಿದಳ ಮೇವನ್ನು ಮಿತಿಮೀರಿ ತಿಂದ ದನಕ್ಕೆ ಬರುವ ಅದೇ ತೊಂದರೆ. ದನವಾದರೋ ತಾನಾಗಿ ಮೇಯುತ್ತದೆ, ಯಂತ್ರಕ್ಕೆ ತಯಾರಕರೇ ತುರುಕಿರುತ್ತಾರೆ. ಕಡಿಮೆ ಬೆಲೆಯ ಯಂತ್ರಗಳಲ್ಲಿ ತಯಾರಕರಿಗೆ ಉಳಿಯುವ ಲಾಭ ತೆಳು. ತಮ್ಮ ಸರಕನ್ನು ಮೊದಲೇ ತುಂಬಿ ಕಳುಹಿಸಲು ತಂತ್ರಾಂಶ ಕಂಪೆನಿಗಳು ಕೊಡುವ ಹಣ ಆ ಕೊರತೆಯನ್ನು ನೀಗಿಸುತ್ತದೆ.

1950ರ ದಶಕದಲ್ಲಿ ಅಮೆರಿಕದಿಂದ ಆಮದಾದ ಗೋಧಿಯ ಜೊತೆಗೆ ಬಂದಿತೆಂದು ಹೇಳಲಾಗುವ ಪಾರ್ಥೇನಿಯಂ ಇಂದು ಕಾಂಗ್ರೆಸ್ ಗಿಡವೆಂಬ ಹೆಸರಿನಲ್ಲಿ ರಸ್ತೆಬದಿಗಳನ್ನೆಲ್ಲ ಆಳುತ್ತಿದೆ. ಗೋಧಿ ಬೇಕೆಂದವರು ಅದನ್ನು ಬೇಡಿರಲಿಲ್ಲ. ಲ್ಯಾಪ್‌ಟಾಪಿನ ಲೋಕದಲ್ಲಿ ಇದಕ್ಕೆ ಸರಿಸಾಟಿಯಾದ ಪ್ರಸಂಗ ಬೆಳಕಿಗೆ ಬಂದದ್ದು 2015ರ ಫೆಬ್ರವರಿಯಲ್ಲಿ. ಲೆನೊವೊ ಕಂಪೆನಿ ತನ್ನ ಕೆಲವು ಮಾದರಿಗಳಲ್ಲಿ ಸೂಪರ್‌ಫಿಶ್ ಎಂಬ ಸಂಸ್ಥೆಯ ಜಾಹೀರಾತು ತಂತ್ರಾಂಶವನ್ನು ಮೊದಲೇ ಸೇರಿಸಿ ಮಾರಿತ್ತು. ಬಳಕೆದಾರರು ನೋಡುವ ಪುಟಗಳೊಳಗೆ ತನ್ನ ಜಾಹೀರಾತನ್ನು ತೂರಿಸಲು ಅದು ಬ್ಯಾಂಕಿನಂಥ ಸುರಕ್ಷಿತ ತಾಣಗಳ ಸಂಪರ್ಕದ ನಡುವೆಯೂ ಬಂದು ನಿಲ್ಲುತ್ತಿತ್ತು. ಅದಕ್ಕೆಂದೇ ಯಂತ್ರದಲ್ಲಿ ತನ್ನದೊಂದು ರೂಟ್ ಸರ್ಟಿಫಿಕೇಟನ್ನು, ಎಂದರೆ ಯಾವ ತಾಣವನ್ನು ನಂಬಬಹುದೆಂದು ಯಂತ್ರಕ್ಕೆ ಹೇಳುವ ಮೂಲ ಪ್ರಮಾಣಪತ್ರವನ್ನು, ನೆಟ್ಟಿತ್ತು. ಎಲ್ಲ ಯಂತ್ರಗಳಿಗೂ ಬೀಗದ ಕೀಲಿ ಒಂದೇ. ಅದು ಹೊರಬಿದ್ದ ಮೇಲೆ ಯಾವ ಕಳ್ಳನಿಗೂ ಬಾಗಿಲು ತೆರೆದಂತೆಯೇ. ತಂತ್ರಾಂಶವನ್ನು ಕಿತ್ತರೂ ಆ ಪ್ರಮಾಣಪತ್ರ ಒಳಗೇ ಉಳಿಯುತ್ತಿತ್ತು, ಮೇಲಿನ ಹುಲ್ಲು ಕಿತ್ತರೂ ನೆಲದೊಳಗೆ ಉಳಿಯುವ ಜೇಕಿನ ಗಡ್ಡೆಯ ಹಾಗೆ. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು 32 ರಾಜ್ಯಗಳೊಡನೆ ಕಂಪೆನಿ ರಾಜಿ ಮಾಡಿಕೊಂಡು, ರಾಜ್ಯಗಳಿಗೆ 35 ಲಕ್ಷ ಡಾಲರ್ ತೆರಲು ಒಪ್ಪಿತು.

ಎಲ್ಲ ಬ್ಲೋಟ್‌ವೇರೂ ಅಷ್ಟು ವಿಷಕಾರಿಯಲ್ಲ. ಹೆಚ್ಚಿನವು ಸೋಮಾರಿ ಕಳೆಗಳು. ನೀರು ಗೊಬ್ಬರ ಹೀರುವುದಷ್ಟೇ ಅವುಗಳ ಕೆಲಸ. ಆದರೆ ನಗರದಲ್ಲಿ ಯಾರ ಗಮನಕ್ಕೂ ಬಾರದ ಈ ಹೀರುವಿಕೆ ಘಟ್ಟದ ಮೇಲಿನ ಹಳ್ಳಿಯಲ್ಲಿ ದುಬಾರಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದ ಮನೆಯಲ್ಲಿ ಬ್ಯಾಟರಿಯ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಗುಡ್ಡದ ತುದಿಗೆ ಹೋದರೆ ಮಾತ್ರ ಸಿಗುವ ಸಿಗ್ನಲ್ಲಿನಲ್ಲಿ, ಮೊಬೈಲಿನ ಡೇಟಾ ಹಂಚಿಕೊಂಡು ಪಾಠದ ಕಡತ ಇಳಿಸಿಕೊಳ್ಳುವ ವಿದ್ಯಾರ್ಥಿನಿಯ ದಿನದ ಡೇಟಾವನ್ನು ಯಾರೂ ಆಡದ ಆಟವೊಂದರ ನವೀಕರಣ ನುಂಗಿಹಾಕುತ್ತದೆ. ಎರಡು ವರ್ಷ ಕಳೆಯುವುದರೊಳಗೆ ಯಂತ್ರ ನಿಧಾನವಾಯಿತೆಂಬ ದೂರು. ಅಂಗಡಿಯವರ ಸಲಹೆ ಹೊಸದನ್ನು ಕೊಳ್ಳುವುದು.

ಇಲ್ಲಿಯೇ ಇದು ಪರಿಸರದ ಪ್ರಶ್ನೆಯಾಗುವುದು. ಲ್ಯಾಪ್‌ಟಾಪೊಂದು ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರೆಯ ಹೆಚ್ಚಿನ ಪಾಲು ಅದು ತಯಾರಾಗುವಾಗಲೇ ಆಗಿಹೋಗಿರುತ್ತದೆ. ಮುಂದೆ ಬಳಸುವ ವಿದ್ಯುತ್ತಿನದು ಸಣ್ಣ ಪಾಲು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಸ್ಕರಣೆಯಾದದ್ದು ಶೇ. 22.3 ಮಾತ್ರ. ಕಳೆ ತೆಗೆದಿದ್ದರೆ ಇನ್ನೂ ನಾಲ್ಕು ವರ್ಷ ದುಡಿಯಬಹುದಾಗಿದ್ದ ಯಂತ್ರಗಳೂ ಆ ರಾಶಿಯಲ್ಲಿ ಸೇರಿರುತ್ತವೆ.

ಕಳೆ ತೆಗೆಯುವ ಕೆಲಸ ಕಷ್ಟದ್ದಲ್ಲ. ಹೊಸ ವಿಂಡೋಸ್ ಯಂತ್ರದಲ್ಲಿ ಸೆಟ್ಟಿಂಗ್ಸ್ ತೆರೆದು ಆ್ಯಪ್‌ಗಳ ಪಟ್ಟಿಗೆ ಹೋದರೆ ಒಳಗಿರುವುದೆಲ್ಲ ಸಾಲಾಗಿ ಕಾಣುತ್ತದೆ. ಆಟಗಳನ್ನೂ ಅಂಗಡಿಗಳನ್ನೂ ಅಲ್ಲಿಯೇ ತೆಗೆದುಹಾಕಬಹುದು. ಅವಧಿ ಮುಗಿಯಲಿರುವ ವೈರಸ್ ನಿರೋಧಕವನ್ನು ಕೀಳಲು ಅಂಜಬೇಕಾಗಿಲ್ಲ, ವಿಂಡೋಸಿನದೇ ಆದ ಡಿಫೆಂಡರ್ ತಾನಾಗಿ ಕಾವಲಿಗೆ ನಿಲ್ಲುತ್ತದೆ. ಹಾಗೆಂದು ಕಂಡದ್ದನ್ನೆಲ್ಲ ಕೀಳುವುದು ಏಲಕ್ಕಿ ಸಸಿಯನ್ನೂ ಹುಲ್ಲೆಂದು ಸವರಿದಂತೆ: ಪರದೆ, ಧ್ವನಿ, ವೈಫೈಗಳನ್ನು ನಡೆಸುವ ಡ್ರೈವರ್‌ಗಳನ್ನು ಮುಟ್ಟಬಾರದು. ಯಂತ್ರದ ಆರಂಭದಲ್ಲಿಯೇ ಏಳುವ ತಂತ್ರಾಂಶಗಳನ್ನು ಸ್ಟಾರ್ಟಪ್ ಪಟ್ಟಿಯಲ್ಲಿ ತಡೆದರೆ, ಮೊಬೈಲ್ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ, ಡೇಟಾ ಬಹುಮಟ್ಟಿಗೆ ಉಳಿಯುತ್ತದೆ. ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಜಮೀನಿನ ಪಹಣಿಯ ಜೊತೆಗಿಡುವುದು ಒಳಿತು.

ಆದರೆ ಬಿತ್ತಿದವರೊಬ್ಬರು, ಕೀಳುವವರು ಇನ್ನೊಬ್ಬರು ಎಂಬ ವ್ಯವಸ್ಥೆಯನ್ನು ಹಾಗೆಯೇ ಒಪ್ಪಿಕೊಳ್ಳುವುದು ನ್ಯಾಯವಲ್ಲ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಒತ್ತಡಕ್ಕೆ ಮಣಿದು 2024ರಲ್ಲಿ ಮೈಕ್ರೋಸಾಫ್ಟ್ ಅಲ್ಲಿನ ಬಳಕೆದಾರರಿಗೆ ತನ್ನ ಎಡ್ಜ್ ಬ್ರೌಸರನ್ನೇ ತೆಗೆದುಹಾಕುವ ಅವಕಾಶ ಕೊಡಬೇಕಾಯಿತು. ಕಾನೂನು ಕೇಳಿದರೆ ಕಂಪೆನಿ ಕೊಡುತ್ತದೆ ಎಂದಾಯಿತು. ಸರ್ಕಾರಗಳು ವಿದ್ಯಾರ್ಥಿಗಳಿಗೆಂದು ಸಗಟಾಗಿ ಲ್ಯಾಪ್‌ಟಾಪ್ ಕೊಳ್ಳುವಾಗ, ಜಾಹೀರಾತಿನ ಮತ್ತು ಅವಧಿ ಮುಗಿಯುವ ತಂತ್ರಾಂಶಗಳಿಲ್ಲದ, ಕನ್ನಡ ಕೀಲಿಮಣೆ ತೆರೆದಿರುವ ಯಂತ್ರವೇ ಬೇಕೆಂಬ ಒಂದು ಷರತ್ತನ್ನು ಟೆಂಡರಿನಲ್ಲಿ ಸೇರಿಸಲು ಹೆಚ್ಚಿನ ಖರ್ಚೇನೂ ಬೇಡ. ಗ್ರಾಮಸಭೆಗಳೂ ಕಾಲೇಜು ಸಂಘಗಳೂ ಇದನ್ನು ಕೇಳಬೇಕು.

ಈಗಾಗಲೇ ಅಟ್ಟ ಸೇರಿರುವ ಯಂತ್ರಗಳ ಮಾತು ಬೇರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತ ಮೇಲೆ, ವಿಂಡೋಸ್ 11 ಹಿಡಿಸದ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ನಿವೃತ್ತಿಯ ಅಂಚಿಗೆ ಬಂದಿವೆ. ಅವುಗಳಲ್ಲಿ ಉಬುಂಟು, ಮಿಂಟ್ ಮುಂತಾದ ಲಿನಕ್ಸ್ ವ್ಯವಸ್ಥೆಯನ್ನು ಬೆಲೆಯಿಲ್ಲದೆ ಹಾಕಿಕೊಳ್ಳಬಹುದು, ಅವುಗಳಲ್ಲಿ ಕನ್ನಡವನ್ನೂ ಬರೆಯಬಹುದು. ಇದ್ದ ಕಡತಗಳನ್ನು ಮೊದಲು ಬೇರೆಡೆ ನಕಲಿಸಿಕೊಂಡರೆ, ಉಳಿದಂತೆ ಬೇಕಾಗುವುದು 8 ಜಿಬಿಯ ಒಂದು ಪೆನ್‌ಡ್ರೈವ್ ಮತ್ತು ಕರೆಂಟ್ ಹೋಗದ ಒಂದು ಮಧ್ಯಾಹ್ನ.