ನೋಡುವುದು ಕಣ್ಣೊಂದೇ ಅಲ್ಲ

ದಾವಣಗೆರೆಯ ಸಮೀಪದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿಯ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಭಕ್ತನು ಆ ಮೂರ್ತಿಯ ಮೂಗಿನ ಮೇಲೆ ದೃಷ್ಟಿಯನ್ನು ನೆಟ್ಟು ನಿಂತರೆ, ಅವನ ಎಡಗಡೆಗೆ ಕಾಣುವ ಹರನ ಬಿಂಬವು ಎರಡು ಕಣ್ಣುಗಳಿಂದಲೂ ಮಿದುಳಿನ ಬಲ ಅರ್ಧಕ್ಕೆ ಸಾಗುತ್ತದೆ. ಹರಿಯ ಬಿಂಬವು ಎಡ ಅರ್ಧಕ್ಕೆ. ಆದರೂ ಅವನಿಗೆ ಕಾಣುವುದು ಒಂದೇ ಮೂರ್ತಿ! ಶಿಲ್ಪಿಯು ಕಲ್ಲಿನಲ್ಲಿ ಮಾಡಿದ ಬೆಸುಗೆಯನ್ನು ಮಿದುಳು ಕ್ಷಣಕ್ಷಣವೂ ಮಾಡುತ್ತಿರುತ್ತದೆ.

ಆದುದರಿಂದ ಕಣ್ಣನ್ನು ಕ್ಯಾಮೆರಾಕ್ಕೆ ಹೋಲಿಸುವುದು ಅರ್ಧಸತ್ಯ. ಕ್ಯಾಮೆರಾ ನೋಡಲು ಕಲಿಯಬೇಕಾಗಿಲ್ಲ; ಮಗುವಿನ ಮಿದುಳು ಕಲಿಯಬೇಕು. ಎಳವೆಯಲ್ಲಿ ಒಂದು ಕಣ್ಣಿನ ಬಿಂಬ ಮಸುಕಾಗಿದ್ದರೆ ಮಿದುಳು ಅದನ್ನು ಕಡೆಗಣಿಸಿ ಇನ್ನೊಂದನ್ನೇ ನೆಚ್ಚುತ್ತದೆ. ಇದಕ್ಕೆ ‘ಸೋಮಾರಿ ಕಣ್ಣು’ ಎಂಬ ಹೆಸರು ಬಿದ್ದಿದೆ. ಪಾಪ, ಕಣ್ಣಿನದೇನು ತಪ್ಪು! ಏಳೆಂಟು ವರ್ಷದೊಳಗೆ ವೈದ್ಯರ ಸಲಹೆಯಂತೆ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿಸಿದರೆ ದೃಷ್ಟಿ ಸಾಮಾನ್ಯವಾಗಿ ಸುಧಾರಿಸುತ್ತದೆ, ತಡವಾದಷ್ಟೂ ಕಷ್ಟ. ಆದರೆ ಒಂದು ಕಣ್ಣು ಚೆನ್ನಾಗಿರುವುದರಿಂದ ಮಗು ದೂರುವುದಿಲ್ಲ, ತಾಯಿತಂದೆಯರಿಗೂ ತಿಳಿಯುವುದಿಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ಜನನದ ದಾಖಲೆಯನ್ನು ಕೇಳುವಂತೆ, ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದ ಚೀಟಿಯನ್ನೂ ಕೇಳುವುದು ಉಚಿತ.