ಅಂತರರಾಷ್ಟ್ರೀಯ ಸಾರ್ವಜನಿಕ ಆರೋಗ್ಯ : ಹೊಲ ಅಡವಿಡುವ ಮುನ್ನ



ಕೆಲವು ತಿಂಗಳುಗಳಿಂದ ನಮ್ಮ ಕೈಸೇರುತ್ತಿರುವ ಪಾಲಕರ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಮಗಳು ಬಿ.ಡಿ.ಎಸ್. ಮುಗಿಸಿದ್ದಾಳೆ, ಇಲ್ಲವೆ ಮಗ ಬಿ.ಎಸ್ಸಿ. ನರ್ಸಿಂಗ್ ಪೂರೈಸಿದ್ದಾನೆ. ಹೊರದೇಶದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯನ್ನು, ಅಂದರೆ ಎಂ.ಪಿ.ಎಚ್. ಅನ್ನು ಪಡೆದುಬಿಟ್ಟರೆ ವಿಶ್ವ ಆರೋಗ್ಯ ಸಂಸ್ಥೆಯಂತಹ ಕಡೆ ನೌಕರಿ ನಿಶ್ಚಿತವೆಂದು ಏಜೆಂಟರು ಹೇಳುತ್ತಾರೆ. ಹೊಲ ಅಡವಿಟ್ಟು ಕಳುಹಿಸಬಹುದೇ ಎಂಬುದು ಪ್ರಶ್ನೆ. ಲಂಡನ್ನಿನಂತಹ ನಗರದಲ್ಲಿ ಶುಲ್ಕ ಹಾಗೂ ವಾಸದ ವೆಚ್ಚ ಸೇರಿ ಒಂದೇ ವರ್ಷಕ್ಕೆ 40 ಲಕ್ಷ ರೂಪಾಯಿ ಮೀರುವುದು ಅಪರೂಪವಲ್ಲ. ಆದ್ದರಿಂದ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಲದೆಂದು ಈ ಸಂಚಿಕೆಯ ಅಂಕಣವನ್ನೇ ಅದಕ್ಕೆ ಮೀಸಲಿಟ್ಟಿದ್ದೇವೆ. ಪದವಿಗಾಗಿ ಹೊಲ ಅಡವಿಡುವುದು ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆದರೆ ಆ ಕ್ಷೇತ್ರವೇ ಬೇಡವೆಂದು ನಾವು ಹೇಳುತ್ತಿಲ್ಲ.

ವೈದ್ಯನು ತನ್ನ ಮುಂದೆ ಕುಳಿತ ಒಬ್ಬ ರೋಗಿಯನ್ನು ನೋಡುತ್ತಾನೆ. ಸಾರ್ವಜನಿಕ ಆರೋಗ್ಯದ ಕಾರ್ಯಕರ್ತನು ಇಡೀ ತಾಲೂಕನ್ನು ನೋಡುತ್ತಾನೆ. ಜ್ವರ ಯಾವ ಓಣಿಯಲ್ಲಿ ಹೆಚ್ಚು, ಲಸಿಕೆ ಯಾವ ಮಕ್ಕಳಿಗೆ ತಪ್ಪಿದೆ, ಬಾಣಂತಿಯರು ಏಕೆ ಸಾಯುತ್ತಿದ್ದಾರೆ ಎಂಬುದನ್ನು ಎಣಿಸಿ, ಕಾರಣ ಹುಡುಕಿ, ಉಪಾಯ ಮಾಡುವುದು ಅವನ ಕೆಲಸ. ಈ ಕೆಲಸಕ್ಕೆ ಎಂ.ಬಿ.ಬಿ.ಎಸ್. ಒಂದೇ ಬಾಗಿಲಲ್ಲ. ದಾದಿಯರು, ದಂತವೈದ್ಯರು, ಸಂಖ್ಯಾಶಾಸ್ತ್ರ ಓದಿದವರು, ಸಮಾಜಕಾರ್ಯದ ಪದವೀಧರರು, ಆಹಾರ ವಿಜ್ಞಾನದವರು, ಗಣಕಯಂತ್ರ ಬಲ್ಲವರು ಎಲ್ಲರೂ ಇದರಲ್ಲಿ ಬೇಕಾದವರೇ. ವೈದ್ಯಕೀಯ ಸೀಟು ತಪ್ಪಿತೆಂದು ಮಕ್ಕಳ ಮುಂದೆ ನಿಟ್ಟುಸಿರು ಬಿಡುವ ಮನೆಗಳು ಇದನ್ನು ಗಮನಿಸಬೇಕು.

‘ಅಂತರರಾಷ್ಟ್ರೀಯ’ ಎಂದ ಕೂಡಲೇ ನಮ್ಮ ಕಣ್ಣು ವಿಮಾನದ ಕಡೆ ಹೊರಳುತ್ತದೆ. ವಾಸ್ತವದಲ್ಲಿ ಆ ಕೆಲಸ ನಮ್ಮ ಅಂಗಳದಲ್ಲಿಯೇ ನಡೆದಿದೆ. ಹೆರಿಗೆಯಾದ ಮೇಲಿನ ಅತಿ ರಕ್ತಸ್ರಾವ ಬಡ ದೇಶಗಳಲ್ಲಿ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಾಗಿ ಕಾಪಿಡಬೇಕು, ಚುಚ್ಚಬಲ್ಲವರೂ ಬೇಕು. ಕರೆಂಟು ನಿಲ್ಲದ ಹಳ್ಳಿಯ ಉಪಕೇಂದ್ರದಲ್ಲಿ ಅದು ಹೇಗೆ ಸಾಧ್ಯ? ನುಂಗುವ ಮಾತ್ರೆಯೊಂದು ಈ ಕೆಲಸ ಮಾಡಬಲ್ಲದೇ ಎಂದು ತಿಳಿಯಲು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ಸಂಶೋಧಕರೊಡನೆ ಸೇರಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರನ್ನು ಒಳಗೊಂಡ ಪರೀಕ್ಷೆ ನಡೆಸಿದರು. ಹಣ ಬಂದದ್ದು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯಿಂದ ಮತ್ತು ಗೇಟ್ಸ್ ಪ್ರತಿಷ್ಠಾನದಿಂದ. ಮಿಸೊಪ್ರೊಸ್ಟಾಲ್ ಎಂಬ ಆ ಮಾತ್ರೆಯನ್ನು ತಾಯಂದಿರಿಗೆ ಕೊಟ್ಟವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಊರಿನ ಸಹಾಯಕ ದಾದಿಯರು. ಮಾತ್ರೆ ಪಡೆಯದವರಲ್ಲಿ ನೂರಕ್ಕೆ 12ರಷ್ಟಿದ್ದ ಅತಿ ರಕ್ತಸ್ರಾವ, ಪಡೆದವರಲ್ಲಿ 6.4ಕ್ಕೆ ಇಳಿಯಿತು. ಈ ಫಲಿತಾಂಶ 2006ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಚುಚ್ಚುಮದ್ದು ದೊರೆಯದ ಕಡೆ ಬಳಸಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗರ್ಭಿಣಿಯರಿಗೆ ಅಲ್ಪ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಗೆ ಮುನ್ನ ಆಗುವ ಹೆರಿಗೆ ಕಡಿಮೆಯಾಗುವುದೇ ಎಂಬುದನ್ನು ಆರು ದೇಶಗಳಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದಾಗಲೂ ಬೆಳಗಾವಿ ಅದರಲ್ಲಿತ್ತು.

ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವುಂಟು. ಇಂತಹ ಯೋಜನೆಗಳಲ್ಲಿ ಮನೆಮನೆಗೆ ಹೋಗಿ ಮಾಹಿತಿ ಬರೆದುಕೊಳ್ಳುವವರು, ಅದನ್ನು ಪರಿಶೀಲಿಸುವ ಮೇಲ್ವಿಚಾರಕರು, ಲೆಕ್ಕ ಹಾಕುವವರು, ಸಮನ್ವಯಾಧಿಕಾರಿಗಳು ಎಂದು ಹಲವರಿಗೆ ಕೆಲಸವಿರುತ್ತದೆ. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಸಹಭಾಗಿತ್ವದಲ್ಲಿ 2003ರಲ್ಲಿ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ ಸಹ ಏಡ್ಸ್ ತಡೆಯಿಂದ ಆರಂಭಿಸಿ ಕ್ಷಯ, ತಾಯಿ ಮಕ್ಕಳ ಆರೋಗ್ಯದವರೆಗೆ ಇದೇ ಬಗೆಯ ಕೆಲಸ ಮಾಡಿದೆ. ಸಂಬಳ ಬಹು ದೊಡ್ಡದಲ್ಲ, ನೇಮಕ ಗುತ್ತಿಗೆಯದು, ಯೋಜನೆ ಮುಗಿದರೆ ಹೊಸ ಕೆಲಸ ಹುಡುಕಬೇಕು. ಹೆಣ್ಣುಮಕ್ಕಳನ್ನು ಊರೂರು ತಿರುಗುವ ಕೆಲಸಕ್ಕೆ ಕಳುಹಿಸಲು ಹಿಂಜರಿಯುವ ಹಿರಿಯರೂ ಇದ್ದಾರೆ. ಆ ಹಿರಿಯರೇ ಮಗಳನ್ನು ಏಳು ಸಮುದ್ರದಾಚೆ ಕಳುಹಿಸಲು ಸಾಲ ಮಾಡಲು ಸಿದ್ಧರಿರುವುದು ನಮಗೆ ಸೋಜಿಗವೆನಿಸುತ್ತದೆ.

ಏಕೆಂದರೆ ಹೊರದೇಶದ ಹಣ ಹುಡುಕಿಕೊಂಡು ಬರುವುದು ಈ ಅನುಭವವನ್ನೇ. ಪೋಲಿಯೋ ನಿರ್ಮೂಲನೆಯ ಉದಾಹರಣೆ ನೋಡಿರಿ. ಭಾರತ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 1997ರಲ್ಲಿ ಆರಂಭಿಸಿದ ಕಣ್ಗಾವಲು ಯೋಜನೆಯಲ್ಲಿ ನಮ್ಮ ವೈದ್ಯರು ಜಿಲ್ಲೆ ಜಿಲ್ಲೆ ಅಲೆದರು. ದೇಶದ ಕೊನೆಯ ಕಾಡು ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಮ್ಮ ವಲಯ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಹೀಗೆ ನುರಿತವರಿಗೆ ಬೇರೆ ದೇಶಗಳಲ್ಲಿಯೂ ಬೇಡಿಕೆ ಬಂದುದು ಪದವಿಯ ಕಾಗದದಿಂದಲ್ಲ.

ಇನ್ನು ಓದಿನ ವಿಷಯ. ಎಂ.ಪಿ.ಎಚ್. ಪದವಿಯನ್ನು ಬೆಳಗಾವಿ, ಮೈಸೂರು, ಮಣಿಪಾಲ, ಬೆಂಗಳೂರುಗಳಲ್ಲಿಯೇ ಓದಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗ ವಿಜ್ಞಾನ ಸಂಸ್ಥೆಗಳ ಶಿಕ್ಷಣಕ್ಕೆ ಹೊರಗೂ ಗೌರವವಿದೆ. ಕಲ್ಕತ್ತೆಯ ಅಖಿಲ ಭಾರತ ಸಂಸ್ಥೆಯಂತೂ 1932ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಆರಂಭವಾದುದು. ಈ ಕ್ಷೇತ್ರದಲ್ಲಿ ವಿದೇಶೀ ನೆರವು ಹೊಸತಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ವಿದೇಶದಲ್ಲಿಯೇ ಓದಬೇಕೆಂಬ ಹಂಬಲವಿದ್ದವರು ಶಿಷ್ಯವೇತನದ ದಾರಿ ಹಿಡಿಯಲಿ. ಬ್ರಿಟಿಷ್ ಸರ್ಕಾರದ ಚೀವನಿಂಗ್ ಶಿಷ್ಯವೇತನವು ಒಂದು ವರ್ಷದ ಸ್ನಾತಕೋತ್ತರ ಶಿಕ್ಷಣದ ಶುಲ್ಕ, ವಿಮಾನದ ಟಿಕೆಟ್ಟು, ತಿಂಗಳ ಖರ್ಚನ್ನು ಭರಿಸುತ್ತದೆ. ಆದರೆ 2,800 ತಾಸುಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು. ಕಾಮನ್‌ವೆಲ್ತ್ ಶಿಷ್ಯವೇತನಕ್ಕೆ ದೆಹಲಿಯ ಶಿಕ್ಷಣ ಸಚಿವಾಲಯವು ಹೆಸರುಗಳನ್ನು ಸೂಚಿಸುತ್ತದೆ. ಆರೋಗ್ಯ ವ್ಯವಸ್ಥೆಯನ್ನು ಬಲಪಡಿಸುವುದು ಅದರ ಘೋಷಿತ ವಿಷಯಗಳಲ್ಲಿ ಒಂದು. ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಶಿಷ್ಯವೇತನವಿದೆ. ಅದರ ಸ್ನಾತಕೋತ್ತರ ವಿಭಾಗವು ಮೂರು ವರ್ಷದ ಅನುಭವ ಕೇಳುತ್ತದೆ. ಯುರೋಪಿನ ಎರಾಸ್ಮಸ್ ಮುಂಡಸ್ ಯೋಜನೆಯಲ್ಲಿ ‘ಯೂರೋಪಬ್‌ಹೆಲ್ತ್’ ಎಂಬ ಎರಡು ವರ್ಷದ ಜಂಟಿ ಪದವಿಯಿದ್ದು, ಆಯ್ಕೆಯಾದವರಿಗೆ ಶುಲ್ಕವಿಲ್ಲದೆ ತಿಂಗಳಿಗೆ 1,400 ಯೂರೋಗಳವರೆಗೆ ವೇತನ ದೊರೆಯುತ್ತದೆ. 1892ರಲ್ಲಿ ಆರಂಭವಾದ ಜೆ. ಎನ್. ಟಾಟಾ ದತ್ತಿಯೂ ಉಂಟು. ಅದು ದಾನವಲ್ಲ, ತೀರಿಸಬೇಕಾದ ಸಾಲ. ಮುಂದೆ ಸಂಶೋಧನೆಗೆ ಇಳಿಯುವವರಿಗೆ 2008ರಲ್ಲಿ ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಹಾಗೂ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಕೂಡಿ ಸ್ಥಾಪಿಸಿದ ‘ಇಂಡಿಯಾ ಅಲಯನ್ಸ್’ ಇದೆ. ಇವುಗಳಲ್ಲಿ ಹೆಚ್ಚಿನವು ಅನುಭವಕ್ಕೆ ಮನ್ನಣೆ ಕೊಡುತ್ತವೆ. ಪದವಿ ಮುಗಿದ ಮರುತಿಂಗಳೇ ಸಾಲ ಮಾಡಿ ಹೊರಟವನು ಎರಡು ವರ್ಷ ತಾಳಿದ್ದರೆ ಬಹುಶಃ ಹಣವಿಲ್ಲದೆ ಹೋಗಬಹುದಿತ್ತು.

ಕಾಲವೂ ಈಗ ಅನುಕೂಲವಾಗಿಲ್ಲ. 2025ರ ಜನವರಿಯಲ್ಲಿ ಅಮೆರಿಕವು ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವ ನಿರ್ಧಾರ ಪ್ರಕಟಿಸಿತು. ಅದೇ ವರ್ಷದ ಜುಲೈ 1ಕ್ಕೆ ಆ ದೇಶದ ನೆರವಿನ ಸಂಸ್ಥೆ ಯುಎಸ್‌ಏಡ್ ಕಾರ್ಯ ನಿಲ್ಲಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2026-27ರ ಅವಧಿಗೆ ಮೊದಲು ಯೋಜಿಸಿದ್ದ 530 ಕೋಟಿ ಡಾಲರಿನ ಆಯವ್ಯಯವನ್ನು 420 ಕೋಟಿಗೆ ಇಳಿಸಿಕೊಂಡಿತು. ಹತ್ತಾರು ವರ್ಷ ಅನುಭವವಿದ್ದವರೇ ಕೆಲಸ ಕಳೆದುಕೊಂಡು ಅದೇ ಹುದ್ದೆಗಳಿಗೆ ಅರ್ಜಿ ಹಾಕುತ್ತಿರುವಾಗ, ಅನುಭವವಿಲ್ಲದ ಹೊಸ ಪದವೀಧರನಿಗೆ ನೌಕರಿ ನಿಶ್ಚಿತವೆಂದು ಹೇಳುವ ಏಜೆಂಟರ ಮಾತನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಗೇಟ್ಸ್ ಪ್ರತಿಷ್ಠಾನವೇನೋ 2045ರೊಳಗೆ 20,000 ಕೋಟಿ ಡಾಲರ್ ವ್ಯಯಿಸಿ ಬಾಗಿಲು ಮುಚ್ಚುವುದಾಗಿ 2025ರ ಮೇ ತಿಂಗಳಲ್ಲಿ ತಿಳಿಸಿದೆ. ಆದರೆ ಒಂದು ಪ್ರತಿಷ್ಠಾನದ ಹಣ ಸರ್ಕಾರಗಳ ಹಣದ ಸ್ಥಾನವನ್ನು ತುಂಬಲಾರದು.

ವಿಶ್ವ ಆರೋಗ್ಯ ಸಂಸ್ಥೆಯ ವೃತ್ತಿಪರ ಹುದ್ದೆಗಳು ಸಾಮಾನ್ಯವಾಗಿ ಎರಡು, ಐದು, ಏಳು ವರ್ಷಗಳ ಅನುಭವ ಕೇಳುತ್ತವೆ. ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಇದೆ. ಹಿಂದೆ ಅದಕ್ಕೆ ಬಿಡಿಗಾಸೂ ಕೊಡುತ್ತಿರಲಿಲ್ಲವಾದ್ದರಿಂದ ಉಳ್ಳವರ ಮಕ್ಕಳಿಗೆ ಮಾತ್ರ ಜಿನೀವಾ ಎಟುಕುತ್ತಿತ್ತು. 2020ರಿಂದ ಜೀವನ ವೆಚ್ಚಕ್ಕೆ ಭತ್ಯೆ ಕೊಡಲಾರಂಭಿಸಿದರು. ಆಗ್ನೇಯ ಏಷ್ಯಾ ವಲಯದ ಕಚೇರಿ ದೆಹಲಿಯಲ್ಲಿಯೇ ಇದೆ. ಮತ್ತೊಂದು ಮಾತನ್ನು ಪಾಲಕರು ಕಡ್ಡಾಯವಾಗಿ ನೆನಪಿಡಬೇಕು. ಈ ಸಂಸ್ಥೆಯು ಅರ್ಜಿಗಾಗಲಿ, ಸಂದರ್ಶನಕ್ಕಾಗಲಿ, ತರಬೇತಿಗಾಗಲಿ ಅಭ್ಯರ್ಥಿಗಳಿಂದ ಹಣ ಕೇಳುವುದೇ ಇಲ್ಲ. ‘ಠೇವಣಿ ಕಟ್ಟಿದರೆ ನೇಮಕ ಪತ್ರ’ ಎಂದು ಬಂದ ಕಾಗದದ ಮೇಲೆ ಎಷ್ಟು ಮುದ್ರೆಗಳಿದ್ದರೂ ಅದು ಮೋಸವೇ.

ಆಸ್ಪತ್ರೆ ನಡೆಸುವ ನಮ್ಮ ಕೆಲವು ಟ್ರಸ್ಟಿನ ಹಿರಿಯರು ಸಂಸ್ಥೆಗೇ ವಿದೇಶೀ ಅನುದಾನ ದೊರೆಯುವುದೇ ಎಂದು ಕೇಳಿದ್ದಾರೆ. ವಿದೇಶೀ ದೇಣಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ಪ್ರಕಾರ ಹಣ ಮೊದಲು ಸ್ಟೇಟ್ ಬ್ಯಾಂಕಿನ ಹೊಸದೆಹಲಿಯ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚ ನೂರಕ್ಕೆ 20ನ್ನು ಮೀರಬಾರದು. ಬಂದ ಹಣವನ್ನು ಬೇರೆ ಸಂಸ್ಥೆಗೆ ವರ್ಗಾಯಿಸಲೂ ಬಾರದು. ಲೆಕ್ಕಪತ್ರ ಶುದ್ಧವಿರುವವರು ಒಬ್ಬ ಅನುಭವೀ ಲೆಕ್ಕಪರಿಶೋಧಕರೊಡನೆ ಮಾತನಾಡಿ ಮುಂದುವರಿಯುವುದು ಒಳ್ಳೆಯದು.

ಈ ವರ್ಷ ಪದವಿ ಮುಗಿಸಿದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ರಾಷ್ಟ್ರೀಯ ಆರೋಗ್ಯ ಅಭಿಯಾನ ಅಥವಾ ಸಂಶೋಧನಾ ಯೋಜನೆಯೊಂದರಲ್ಲಿ ಕೆಲಸಕ್ಕೆ ಸೇರಲಿ. ಮಾಡಿದ ಕೆಲಸವನ್ನು ಅಂಕಿ ಅಂಶಸಹಿತ ಬರೆದಿಟ್ಟುಕೊಳ್ಳಲಿ. ಅನುಭವದ ಪ್ರಮಾಣಪತ್ರವನ್ನು ಕೆಲಸ ಬಿಡುವ ದಿನವೇ ಕೇಳಿ ಪಡೆಯಲಿ. ಪಾಸ್‌ಪೋರ್ಟ್ ಮಾಡಿಸುವುದನ್ನು, ಇಂಗ್ಲಿಷ್ ಪರೀಕ್ಷೆಯನ್ನು ಕೊನೆಯ ವಾರಕ್ಕೆ ಬಿಡಬಾರದು. ಚೀವನಿಂಗ್ ಅರ್ಜಿ 2025ರಲ್ಲಿ ಆಗಸ್ಟಿನಲ್ಲಿ ತೆರೆದು ಅಕ್ಟೋಬರಿನ ಮೊದಲ ವಾರದಲ್ಲಿ ಮುಗಿಯಿತು. ಅದರಲ್ಲಿ ಬ್ರಿಟನ್ನಿನ ಮೂರು ಶಿಕ್ಷಣಕ್ರಮಗಳನ್ನು ಸೂಚಿಸಬೇಕಾಗುತ್ತದೆ. ಮುಂದೆ ಇಬ್ಬರು ಹಿರಿಯರ ಶಿಫಾರಸು ಪತ್ರವೂ ಬೇಕಾಗುವುದರಿಂದ, ಕೈಕೆಳಗೆ ದುಡಿದ ವೈದ್ಯಾಧಿಕಾರಿಗಳಿಗೆ ಬೇಸಿಗೆಯಲ್ಲಿಯೇ ತಿಳಿಸಿಟ್ಟಿರುವುದು ಮೇಲು.